ಅಳಿಯನಿಗೊಂದು ಕಾರ್ಡು

ಮಸಾಕಾ ಊರಿನ ಆ ಬೀದಿಯಲ್ಲಿ ನಕಿಬುಕ ಕೈಯಾರೆ ಮಾಡಿದ ಶುಭಾಶಯದ ಕಾರ್ಡು ಇಲ್ಲದ ಮನೆ ಇಲ್ಲ. ಒಣಗಿದ ಬಾಳೆಪಟ್ಟೆಯನ್ನು ಕತ್ತರಿಸಿ, ಮರಗೆಣಸಿನ ಅಂಟು ಬಳಿದು ದಪ್ಪ ಕಾಗದದ ಮೇಲೆ ಕೂರಿಸಿದಳೆಂದರೆ ಮುಗಿಯಿತು. ಪಟ್ಟೆಯಲ್ಲೇ ಕಂದು, ಹಳದಿ, ಕಪ್ಪು ಇರುವಾಗ ಬಣ್ಣಕ್ಕೆ ದುಡ್ಡು ಸುರಿಯುವವರು ಅವಳ ಲೆಕ್ಕದಲ್ಲಿ ಶುದ್ಧ ಪೆದ್ದರು. ಒಬ್ಬರ ಕಾರ್ಡು ಇನ್ನೊಬ್ಬರಿಗೆ ಒಪ್ಪಬಾರದು, ಅದು ಅವಳ ಹಟ. ತಮ್ಮನಿಗೆ ಅವನ ಚೈನು ಕಳಚುವ ಸೈಕಲ್ಲು. ಪಕ್ಕದ ಮನೆಯ ಪೆಪೆಟ್ವಾಗೆ ಬೇಲಿಯ ಮೇಲಿಂದ ಇಣುಕುವ ಅವಳದೇ ಮೂಗು! ಪೆಪೆಟ್ವಾ ಮೊದಲು ಮಾತು ಬಿಟ್ಟಳು, ಆಮೇಲೆ ಅದನ್ನೇ ಗೋಡೆಗೆ ತೂಗುಹಾಕಿದಳು.

ಊರಿಗೆಲ್ಲ ಕಾರ್ಡು ಹಂಚಿದವಳು ಒಬ್ಬನಿಗೆ ಮಾತ್ರ ಕೊಟ್ಟಿರಲಿಲ್ಲ. ಅಳಿಯ ಕಯೊಂದೊಗೆ.

ಕೊಡುವುದಾದರೂ ಹೇಗೆ? ಅವರ ಕಡೆಯ ಪದ್ಧತಿಯಂತೆ ಅತ್ತೆಯಾದವಳು ಅಳಿಯನ ಮುಖ ನೋಡುವ ಹಾಗಿಲ್ಲ. ನೋಡಿದರೆ ಕೈ ನಡುಗುವ ರೋಗ ಹತ್ತುತ್ತದೆಂದು ಹಿರಿಯರ ಮಾತು. ಕತ್ತರಿ ಹಿಡಿಯುವವಳಿಗೆ ಕೈಯೇ ನಡುಗಿದರೆ ಇನ್ನೇನು ಉಳಿಯಿತು? ಅಂಗಳದಲ್ಲಿ ಅವನ ದನಿ ಕೇಳಿದ್ದೇ ತಡ, ನಕಿಬುಕ ಬಾಳೆತೋಟಕ್ಕೆ ಓಟ ಕೀಳುತ್ತಿದ್ದಳು. ಅವನು ಒಳಗೆ ಕೂತಮೇಲೆ ಹಿಂಬಾಗಿಲಿಗೆ ಬಂದು, ಪರದೆಯ ಈಚೆ ಮಂಡಿಯೂರಿ ಕ್ಷೇಮ ಕೇಳುತ್ತಿದ್ದಳು. ನೋಡದವನ ಮುಖವನ್ನು ಹೇಗೆ ಕತ್ತರಿಸುವುದು?

ಈ ಸಲ ಕ್ರಿಸ್ಮಸ್ಸಿಗೆ ಮುಂಚೆ ಮಗಳು ನಂತೊಂಗೊ ಒಬ್ಬಳೇ ಬಂದಳು, ಮುಖ ಊದಿಸಿಕೊಂಡು.

"ಹಬ್ಬಕ್ಕೆ ಅವ್ರು ಬರಲ್ವಂತೆ ಕಣಮ್ಮ. ಅವ್ರನ್ನ ಬಿಟ್ಟು ನಾನೂ ಮಗೂನೂ ಹೆಂಗೆ ಬರೋದು?"

"ಯಾಕಂತೆ? ಹೋದ್ಸಲ ಕೋಳಿ ಉಪ್ಪಾಗಿತ್ತಾ?"

"ಕೋಳಿ ಅಲ್ಲ. 'ನಿಮ್ಮಮ್ಮ ಮೇಕೆ ಮರಿ ಹಾಕಿದ್ದಕ್ಕೂ ಕಾರ್ಡ್ ಮಾಡಿದ್ರು, ನಾನೇನು ಮೇಕೆಗಿಂತ ಕಡೆಯಾ' ಅಂತಾರೆ."

ನಕಿಬುಕಳಿಗೆ ಮೊದಲು ನಗು ಬಂತು, ಆಮೇಲೆ ಚಿಂತೆ ಹತ್ತಿತು. ಮೇಕೆಯ ವಿಷಯ ನಿಜವೇ. ಮೊಮ್ಮಗ ಈಗಷ್ಟೇ ಹೆಜ್ಜೆ ಇಡುತ್ತಿದ್ದಾನೆ, ಅವನಿಲ್ಲದೆ ಎಂಥ ಹಬ್ಬ? ಪಾಪ, ಆ ಹುಡುಗನೂ ಎಷ್ಟು ನೊಂದುಕೊಂಡಿದ್ದಾನೋ!

"ಫೋನಲ್ಲಿ ಅವ್ರ ಫೋಟೋ ಇದೆ, ನೋಡ್ತೀಯಾ?"

"ಥೂ, ಹೋಗೇ! ಫೋಟೋದಲ್ಲಿರೋದು ಮುಖ ಅಲ್ವಾ?"

ಬೇಲಿಯ ಮೇಲೆ ಪೆಪೆಟ್ವಾಳ ಮೂಗು ಹಾಜರಾಯಿತು. "ನೋಡು, ನೋಡು! ಆಮೇಲೆ ನಡುಗೋ ಕೈಲಿ ನನ್ನ ಮೂಗು ಮಾತ್ರ ಮಾಡ್ಬೇಡ ತಾಯಿ, ಇನ್ನೂ ಉದ್ದ ಆಗತ್ತೆ!"

ನಕಿಬುಕ ತಲೆಯ ಮೇಲೆ ಕೈಹೊತ್ತು ಪರದೆಯ ಪಕ್ಕ ಕೂತಳು. ಪರದೆ ನೆಲಕ್ಕಿಂತ ಗೇಣು ಮೇಲೆಯೇ ಮುಗಿಯುತ್ತಿತ್ತು. ಅದರ ಕೆಳಗೆ ಮಗಳ ಕಾಲುಗಳು ಅತ್ತಿತ್ತ ಓಡಾಡಿದವು.

"ಅಯ್ಯೋ, ನನ್ನ ಬುದ್ಧಿಗಿಷ್ಟು!" ಎಂದು ಹಣೆ ಚಚ್ಚಿಕೊಂಡಳು.

ಅಳಿಯನ ಮುಖ ಗೊತ್ತಿಲ್ಲದಿದ್ದರೇನು, ಕಾಲು ಗೊತ್ತಿಲ್ಲವೇ? ಒಳಕ್ಕೆ ತಿರುಗಿದ ಬಲಪಾದ. ಎಷ್ಟು ಹೇಳಿದರೂ ಚಪ್ಪಲಿಯೊಳಗೆ ನಿಲ್ಲದೆ ಹೊರಗೆ ಇಣುಕುವ ಕಿರುಬೆರಳು. ನಗು ಬಂದಾಗ ತಟತಟ ನೆಲ ಬಡಿಯುವ ಹಿಮ್ಮಡಿ. ಕಪ್ಪು ಪಟ್ಟೆ ಆರಿಸಿದಳು, ಕತ್ತರಿ ಆಡಿಸಿದಳು. ಕೆಳಗೆ ಬರೆದಳು: "ನನ್ನ ಮಗಳು ಬಸುರಿಯಾಗಿದ್ದಾಗ ಅವಳ ಜೊತೆ ನಿಧಾನ ನಡೆದ ಪಾದಗಳಿಗೆ. ನನಗೆ ಗೊತ್ತಿರುವಷ್ಟು ನೀನು." ಮಗಳು ಅದನ್ನು ಬಟ್ಟೆಯಲ್ಲಿ ಸುತ್ತಿಕೊಂಡು ಟ್ಯಾಕ್ಸಿ ಹತ್ತಿದಳು.

ಹಬ್ಬದ ದಿನ ಎಲೆಯಲ್ಲಿ ಸುತ್ತಿದ ಬಾಳೆಕಾಯಿ ಬೆಂದು, ಕಡಲೆಕಾಯಿ ಗೊಜ್ಜು ಕುದ್ದು ತಣ್ಣಗಾಗುತ್ತ ಬಂತು. ನಕಿಬುಕ ಪರದೆಯ ಈಚೆ ಕಿವಿಯಾಗಿ ಕೂತಿದ್ದಳು. ಬರುತ್ತಾನೋ, ಇಲ್ಲವೋ? ಮೊದಲು ಪುಟ್ಟ ಬರಿಗಾಲುಗಳು ತಪ್ಪುಹೆಜ್ಜೆ ಹಾಕುತ್ತ ಬಂದವು. ಹಿಂದೆಯೇ ಹೊರಗಿಣುಕುವ ಕಿರುಬೆರಳು. ಅವಳಿಗೆ ಹೋದ ಜೀವ ಬಂದಂತಾಯಿತು.

"ಅತ್ತೆಮ್ಮಾ, ಓಡ್ಬೇಡಿ! ನಾನೂ ಒಂದು ಮಾಡ್ಕೊಂಡ್ ಬಂದಿದೀನಿ. ಅಂಟು ಸ್ವಲ್ಪ ಜಾಸ್ತಿ ಆಗಿದೆ."

ಕೈಯಿಂದ ಕೈಗೆ ಕೊಡುವಂತಿಲ್ಲವಲ್ಲ, ಅದನ್ನು ನೆಲದ ಮೇಲಿಟ್ಟು ಹಿಂದೆ ಸರಿದ. ಅವಳು ಪರದೆಯಡಿ ಕೈ ತೂರಿಸಿ ಎಳೆದುಕೊಂಡಳು. ಸೊಟ್ಟಪಟ್ಟ ಅಂಟಿಸಿದ ಚಿತ್ರ. ಬಾಳೆತೋಟದೊಳಗೆ ಓಡುತ್ತಿರುವ ಹೆಂಗಸಿನ ಬೆನ್ನು, ಗಾಳಿಗೆ ಹಾರುವ ಸೊಂಟದ ಬಟ್ಟೆಪಟ್ಟಿ, ಹಿಂದೆ ಬಿದ್ದಿರುವ ಒಂದು ಚಪ್ಪಲಿ. ಕೆಳಗೆ: "ನನಗೆ ಗೊತ್ತಿರುವಷ್ಟು ನೀವು."

"ಅಯ್ಯಯ್ಯೋ, ಹಿಂದಿಂದ ನಾನು ಇಷ್ಟು ದಪ್ಪಾನಾ?"

"ಅಂಟು ಜಾಸ್ತಿ ಆಯ್ತು ಅಂದ್ನಲ್ಲ ಅತ್ತೆಮ್ಮಾ!"

ನಕ್ಕು ನಕ್ಕು ಅವಳ ಕಣ್ಣಲ್ಲಿ ನೀರು ಬಂತು, ಕಾರ್ಡು ಗಡಗಡ ಅಲ್ಲಾಡಿತು. ಬೇಲಿಯ ಮೇಲಿಂದ ಪೆಪೆಟ್ವಾ ಕಿರುಚಿದಳು, "ನೋಡ್ಬಿಟ್ಟೆ ಅಲ್ವಾ ಅಳಿಯನ್ನ? ಕೈ ನಡುಗ್ತಿದೆ!"

"ನಗು ಕಣೇ, ನಗು!" ಎಂದಳು ನಕಿಬುಕ. ಪರದೆಯ ಆಚೆ ಹಿಮ್ಮಡಿ ತಟತಟ ಬಡಿಯುತ್ತಲೇ ಇತ್ತು.