ಗೋಡೆಯ ಮೇಲಿನ ಮಾವನವರು

ಬಿ.ಎ. ಓದಿದ್ದು ಹರಪನಹಳ್ಳಿಯ ಕಾಲೇಜಿನ ಬೆಂಚಿನ ಮೇಲೆ. ಮದುವೆಯಾದ ಮೇಲೆ ಎಂ.ಎ. ಓದಿದ್ದು ಹಡಗಲಿಯ ಗಂಡನ ಮನೆಯಲ್ಲಿ, ಆನ್‌ಲೈನಿನಲ್ಲಿ. ಎರಡರಲ್ಲಿ ಯಾವುದು ಚಲೋ ಎಂದು ಕೇಳಿದವರಿಗೆ ನಾನು ಪರೀಕ್ಷೆಯ ದಿನದ ಕಥೆ ಹೇಳುತ್ತೇನೆ.

ಚೆನ್ನಾಗಿ ಓದಿಕೊಂಡಿದ್ದೆ, ಅಂಜಿಕೆ ಇರಲಿಲ್ಲ. ಪಡಸಾಲೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ, ಕ್ಯಾಮೆರಾದಲ್ಲಿ ನಮ್ಮನ್ನು ಕಾವಲು ಕಾಯುವ ಪರೀಕ್ಷೆಯ ಆ್ಯಪ್ 'ನಿಮ್ಮ ಜೊತೆ ಇನ್ನೊಬ್ಬರಿದ್ದಾರೆ, ಅವರು ಹೊರಗೆ ಹೋಗುವ ತನಕ ಪರೀಕ್ಷೆ ಶುರುವಾಗುವುದಿಲ್ಲ' ಎಂದಿತು. ಸುತ್ತ ನೋಡಿದೆ, ಯಾರೂ ಇಲ್ಲ. ಸಮಯ ಮೀರಿದರೆ ಒಂದು ವರ್ಷ ಹೋದಂತೆಯೇ. ಕೊನೆಗೆ ಪರದೆಯ ಮೇಲೆ ಕಂಡಿತು: ನನ್ನ ಬೆನ್ನ ಹಿಂದೆ, ಗೋಡೆಯಲ್ಲಿ, ತೀರಿಹೋದ ಮಾವನವರ ದೊಡ್ಡ ಫೋಟೋ.

"ಅತ್ತಿ, ಮಾವಾರ ಫೋಟೋ ಒಂಚೂರು ಇಳಸ್ಲೇನ್ರಿ? ನನಗ ಉತ್ತರ ಹೇಳಿಕೊಡ್ತಾರಂತ ಇದಕ್ಕ ಅನುಮಾನ ಐತಿ."

ಬಾಗಿಲಲ್ಲಿ ಮಲ್ಲಿಗೆ ಕಟ್ಟುತ್ತಿದ್ದ ಅತ್ತೆ ದಿನಾ ಮೊದಲ ಮೊಳ ಹೂವು ಆ ಫೋಟೋಕ್ಕೇ ಏರಿಸುವವರು. ಇಳಿಸಲು ಒಪ್ಪಲಿಲ್ಲ. ಎದ್ದು ಬಂದು, ತಾವೇ ಅದಕ್ಕೆ ಟವೆಲ್ ಹೊದಿಸಿ, ಲ್ಯಾಪ್‌ಟಾಪಿನ ಕಡೆ ತಿರುಗಿದರು.

"ಅವರು ಹೆಬ್ಬೆಟ್ಟು ಒತ್ತೋರಪ್ಪಾ. ಏನು ಹೇಳಿಕೊಟ್ಟಾರು?"

ಪರೀಕ್ಷೆ ಶುರುವಾಯಿತು, ಪಾಸೂ ಆದೆ. ಕಾಲೇಜಿನ ಪರೀಕ್ಷಾ ಕೋಣೆಯಲ್ಲಾದರೆ ಭಾರೀ ಓದಿದ ದೊಡ್ಡವರ ಫೋಟೋಗಳೇ ಸಾಲಾಗಿದ್ದವು. ಅವರಲ್ಲಿ ಒಬ್ಬರಾದರೂ ನನಗೆ ಒಂದಕ್ಷರ ಹೇಳಿಕೊಟ್ಟಿದ್ದರೆ ಕೇಳಿ!