ಎರಡು ಮದುವೆಯ ತಂತಿ

ಉದ್ಯಾವರದ ಮದುವೆ ಬ್ಯಾಂಡಿನಲ್ಲಿ ಬೇಸ್ ಗಿಟಾರ್ ನುಡಿಸುತ್ತಿದ್ದ ಒಬ್ಬರು ಹಳೆಯ ಗಿಟಾರುಗಳನ್ನು ಮಾರುತ್ತಲೂ ಇದ್ದರು. ಗಿರಾಕಿಯ ಮುಂದೆ ದಪ್ಪ ತಂತಿಯನ್ನು ಮೀಟಿ, ಕಣ್ಣು ಮುಚ್ಚಿ, "ಗಂಟೆಯ ಹಾಗೆ ಉಂಟು ಮಾರಾಯ" ಎನ್ನುತ್ತಿದ್ದರು. ನಾನೂ ಕೇಳಿದೆ, ಕೊಂಡೆ. ನಾನು ನುಡಿಸಿದ ಮೂರನೆಯ ಮದುವೆಯಲ್ಲಿ ಅದು ಒದ್ದೆ ಗೋಣಿಚೀಲ ಬಡಿದ ಹಾಗೆ ಸದ್ದು ಮಾಡಿತು.

ದೂರು ಹೇಳಲು ಹೋದೆ. ಆಗ ಉಡುಪಿಯಲ್ಲಿ ಹೊಸ ತಂತಿ ಸಿಗುತ್ತಿರಲಿಲ್ಲ. ಅವರು ತಂತಿಗಳನ್ನು ಬಿಚ್ಚಿ, ಹಿಡಿದ ಜಿಡ್ಡು ಬಿಡಲೆಂದು ಗಂಜಿಯ ಪಾತ್ರೆಯಲ್ಲಿ ನೀರಿಟ್ಟು ಕುದಿಸಿದರು. ಹೆಗಲ ಮೇಲಿದ್ದ ಬೈರಾಸಿನಲ್ಲಿ ಒರೆಸಿ, ಮತ್ತೆ ಕಟ್ಟಿ ಮೀಟಿದರು. ಗಂಟೆಯ ಹಾಗೆಯೇ ಇತ್ತು.

"ಎಷ್ಟು ದಿನ ಬರ್ತದೆ?" ಎಂದೆ.

"ಎರಡು ಮದುವೆಗೆ ಬರ್ತದೆ. ಅಷ್ಟರೊಳಗೆ ಮಾರಿಬಿಡು ಮಾರಾಯ."

ಆ ಭಾನುವಾರವೇ ಕಾರ್ಕಳದವರೊಬ್ಬರು ಗಿಟಾರ್ ನೋಡಲು ನಮ್ಮ ಮನೆಗೆ ಬಂದರು. ನಾನು ದಪ್ಪ ತಂತಿಯನ್ನು ಮೀಟಿದೆ. ಕಣ್ಣು ತಾನಾಗಿಯೇ ಮುಚ್ಚಿಕೊಂಡಿತು.