ಯಂತ್ರ ಹರಿದ ಚೀಟಿ, ಅಕ್ಕ ಹುಡುಕುವ ಚೂರು

ಬೆಳಗಿನ ಆರು ಗಂಟೆಗೆ ಇನ್ನೂ ಐದು ನಿಮಿಷ ಬಾಕಿ. ಮದ್ಯದ ಬಾಟಲಿ ತುಂಬುವ ಕಾರ್ಖಾನೆಯ ಉದ್ದನೆಯ ಹಾಲ್‌ನಲ್ಲಿ ದೀಪಗಳು ಒಂದೊಂದಾಗಿ ಹತ್ತಿಕೊಳ್ಳುತ್ತಿವೆ. ಚೀಟಿ ಅಂಟಿಸುವ ಯಂತ್ರದ ಮುಂದೆ ಕುಕ್ಕರಗಾಲಲ್ಲಿ ಕುಳಿತ ಹೆಂಗಸೊಬ್ಬರು ಸೋಪಿನ ನೀರಲ್ಲಿ ಅದ್ದಿದ ಬಟ್ಟೆಯಿಂದ ಅದರ ರಬ್ಬರ್ ಉರುಳೆಗಳನ್ನು ಉಜ್ಜುತ್ತಿದ್ದಾರೆ. ಉಜ್ಜುವುದಕ್ಕಿಂತ ಬೈಯುವುದೇ ಹೆಚ್ಚು.

"ನಿನ್ನೆ ಹದಿನೇಳು ಚೀಟಿ ತಿಂದಿದೀಯ. ಇವತ್ತು ಗುರುವಾರ, ನನಗೆ ಆಸ್ಪತ್ರೆಗೆ ಹೋಗೋದಿದೆ. ಒಂದು ದಿನ ಬಾಯಿ ಮುಚ್ಕೊಂಡಿರು, ಪುಣ್ಯ ಬರುತ್ತೆ."

ಇಡೀ ಕಾರ್ಖಾನೆಗೆ ಇವರು ಚೀಟಿ ಅಕ್ಕ. ಬಾಟಲಿಯ ಮುಚ್ಚಳದ ಮೇಲೆ ಅಡ್ಡಲಾಗಿ ಅಂಟಿರುವ ಕಿರುಬೆರಳುದ್ದದ ಅಬಕಾರಿ ಚೀಟಿಯನ್ನು ಕುಡಿಯುವವರು ಕಣ್ಣೆತ್ತಿಯೂ ನೋಡುವುದಿಲ್ಲ, ತಿರುಚಿ ಹರಿದು ಎಸೆಯುತ್ತಾರೆ. ಸರ್ಕಾರಕ್ಕೆ ಮಾತ್ರ ಅದರ ಮೇಲೇ ಜೀವ. ತೆರಿಗೆ ಬಂದಿದೆ ಎನ್ನುವುದಕ್ಕೆ ಅದೇ ಸಾಕ್ಷಿ. ಒಳಗಿನ ಸರಕಿಗಿಂತ ಮೇಲಿನ ತೆರಿಗೆಯೇ ಜಾಸ್ತಿ. ಮೂಗಿಗಿಂತ ಮೂಗುತಿ ಭಾರ. ರಸ್ತೆಯ ಡಾಂಬರಿನಿಂದ ಹಿಡಿದು ಮೇಷ್ಟರ ಸಂಬಳದವರೆಗೆ ಎಲ್ಲದರಲ್ಲೂ ಈ ಚೀಟಿಯ ಪಾಲಿದೆ.

ಅಕ್ಕನಿಗೆ ಐವತ್ತೊಂದು ವರ್ಷ, ಕೆಲಸಕ್ಕೆ ಸೇರಿ ಹತ್ತೊಂಬತ್ತು. ಮೊದಲು ಹನ್ನೆರಡು ಹೆಂಗಸರು ಕೈಯಲ್ಲೇ ಅಂಟಿಸುತ್ತಿದ್ದರು, ತಲೆಗೆ ದಿನಕ್ಕೆ ನಾಲ್ಕು ಸಾವಿರ ಚೀಟಿ. ಎರಡು ವರ್ಷದ ಹಿಂದೆ ಯಂತ್ರ ಬಂತು, ಹನ್ನೊಂದು ಮಂದಿ ಮನೆಗೆ ಹೋದರು. ಅಕ್ಕನನ್ನು ಉಳಿಸಿಕೊಂಡದ್ದು ಪ್ರೀತಿಯಿಂದಲ್ಲ. ಯಂತ್ರ ಚೀಟಿ ಹರಿಯುತ್ತದೆ, ಚೂರನ್ನು ಎಲ್ಲಿ ಬಿಸಾಕಿದೆ ಎಂದು ಹೇಳಲು ಅದಕ್ಕೆ ಬಾಯಿಲ್ಲ. ಹುಡುಕಲು ಒಬ್ಬರು ಬೇಕಲ್ಲ!

ನಿಯಮ ಹೀಗಿದೆ: ಚೀಟಿ ಹರಿದರೆ ಅಡ್ಡಿಯಿಲ್ಲ, ಆದರೆ ಚೂರುಗಳನ್ನೆಲ್ಲ ಬಿಳಿ ಹಾಳೆಯ ಮೇಲೆ ಜೋಡಿಸಿ, ಎಂಟಂಕಿಯ ಸಂಖ್ಯೆ ಪೂರ್ತಿ ಕಾಣುವಂತೆ ಸರ್ಕಾರದ ಗುಮಾಸ್ತರ ಕೈಗೆ ಕೊಡಬೇಕು. ಒಂದು ಚೂರು ಕಡಿಮೆಯಾದರೂ ಒಂದು ಬಾಟಲಿ ತೆರಿಗೆ ತಪ್ಪಿಸಿ ಓಡಿಹೋದಂತೆ ಲೆಕ್ಕ. ಸಿಗುವವರೆಗೆ ಹಾಲ್‌ನ ಬಾಗಿಲು ತೆರೆಯುವುದಿಲ್ಲ. ಸಿಗದೇ ಹೋದರೆ ಅಕ್ಕನ ಮೇಲೆ ವಿಚಾರಣೆ.

"ಹರಿಯೋದು ಅದು, ಕೈ ಕಟ್ಕೊಂಡು ನಿಂತ್ಕೊಳ್ಳೋದು ನಾನು. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ," ಎಂದು ಅಕ್ಕ ಸಿಡುಕುತ್ತಾರೆ. ಅವರ ಯಜಮಾನರು ಟೈಲರ್. ಅವರ ಸಿಟ್ಟು ಬೇರೆ ಥರದ್ದು: "ನಾನು ಗುಂಡಿ ಕಳೆದ್ರೆ ಇನ್ನೊಂದು ಹೊಲೀತೀನಿ. ಇವರ ಸರ್ಕಾರಕ್ಕೆ ಕಳೆದುಹೋದ ಅದೇ ಗುಂಡಿ ಬೇಕಂತೆ!"

ಇಷ್ಟು ವರ್ಷ ಸಣ್ಣ ಅಂಕಿ ನೋಡಿದ ಅಕ್ಕನ ಬಲಗಣ್ಣಿಗೆ ಈಗ ಪೊರೆ ಬಂದಿದೆ. ಕಣ್ಣಿನ ಡಾಕ್ಟರು ಸಿಗುವುದು ಗುರುವಾರ ಮಾತ್ರ, ಅದೂ ಮೂರು ಗಂಟೆಯವರೆಗೆ. ಅಕ್ಕನ ಪಾಳಿ ಮುಗಿಯುವುದು ಎರಡಕ್ಕೆ. ಹಿಂದಿನ ಎರಡು ಗುರುವಾರಗಳನ್ನು ಯಂತ್ರವೇ ತಿಂದುಹಾಕಿದೆ. ಮುಂದಿನ ತಿಂಗಳು ಕಾರ್ಖಾನೆಯಲ್ಲಿ ಕಣ್ಣಿನ ಪರೀಕ್ಷೆ. ಅಂಕಿ ಓದಲಾಗದವರು ಮನೆಗೆ. ಅಷ್ಟರೊಳಗೆ ಆಪರೇಷನ್ ಆಗಿ ಕಣ್ಣು ತಿಳಿಯಾಗಬೇಕು.

ಮಧ್ಯಾಹ್ನ ಎರಡಾಗುತ್ತದೆ. ಇವತ್ತು ಹರಿದದ್ದು ಹದಿನಾಲ್ಕು. ಹದಿಮೂರು ಸರಿಯಾಗಿ ಕೂಡಿಕೊಂಡಿವೆ. ಹದಿನಾಲ್ಕನೆಯದಕ್ಕೆ ಕೊನೆಯ ಎರಡು ಅಂಕಿ ಇಲ್ಲ. ಉರುಳೆಯ ಸಂದಿ, ನೆಲ, ಕಸದ ಬುಟ್ಟಿ ಎಲ್ಲವನ್ನೂ ಜಾಲಾಡುತ್ತಾರೆ. ತಪಾಸಣೆಯ ಹೆಂಗಸು ಅಕ್ಕನ ಜಡೆ ಬಿಚ್ಚಿಸಿ ಬಾಚುತ್ತಾರೆ. ಎಲ್ಲೂ ಇಲ್ಲ. ಅಕ್ಕ ಸ್ಟೂಲಿನ ಮೇಲೆ ಕುಳಿತು ಯೋಚಿಸುತ್ತಾರೆ.

"ಅಂಟು ಹಸಿಯಾಗಿದ್ದಾಗ ಹರಿದಿದೆ. ಬೆಲ್ಟ್ ಮೇಲೆ ಬಿದ್ದಿರುತ್ತೆ, ಹಿಂದೆ ಬಂದ ಬಾಟಲಿ ತಳಕ್ಕೆ ಮೆತ್ಕೊಂಡು ಹೋಗಿದೆ," ಎನ್ನುತ್ತಾರೆ. ಹರಿದದ್ದರ ಮುಂದಿನ ಸಂಖ್ಯೆಯ ಚೀಟಿ ಯಾವ ಪೆಟ್ಟಿಗೆಗೆ ಹೋಗಿದೆ ಎಂಬುದು ಪಟ್ಟಿಯಲ್ಲಿದೆ. ಪೆಟ್ಟಿಗೆಯೂ ಸಿಗುತ್ತದೆ. ಗಂಟೆ ಇನ್ನೂ ಎರಡೂ ಕಾಲು.

ಆದರೆ ಪೆಟ್ಟಿಗೆಗೆ ಸೀಲ್ ಬಿದ್ದಿದೆ. ಸೀಲ್ ಒಡೆಯಲು ಅಬಕಾರಿ ಸಾಹೇಬರ ಸಹಿ ಬೇಕು. ಸಾಹೇಬರು ಊಟಕ್ಕೆ ಹೋಗಿದ್ದಾರೆ. ದೇವರು ವರ ಕೊಟ್ಟರೂ ಪೂಜಾರಿ ವರ ಕೊಡ ಎನ್ನುವುದು ಇದಕ್ಕೇ.

"ಸಾಹೇಬ್ರು ಬರ್ಲಿ ಅಕ್ಕ, ನನ್ನ ಕೈಲಿ ಏನಿಲ್ಲ," ಎನ್ನುತ್ತಾರೆ ಗುಮಾಸ್ತರು.

"ನಿಮ್ಮ ಕೈಲಿ ಏನಿಲ್ಲ, ನನ್ನ ಕಣ್ಣಲ್ಲಿ ಏನಿಲ್ಲ. ಚೆನ್ನಾಗಿದೆ ಸಂಸಾರ!"

ಕೇಳಿದವರಿಗೆ ನಗು ಬರುತ್ತದೆ, ಆದರೆ ಅಕ್ಕನ ಮುಖ ನೋಡಿದರೆ ಯಾರಿಗೂ ನಗಲಾಗುವುದಿಲ್ಲ. ಸೊಂಟಕ್ಕೆ ಸಿಕ್ಕಿಸಿದ ಆಸ್ಪತ್ರೆಯ ಕಾಗದವನ್ನು ಅವರು ಮತ್ತೆ ಮತ್ತೆ ಮುಟ್ಟಿ ನೋಡಿಕೊಳ್ಳುತ್ತಾರೆ. ಎರಡೂವರೆ ಆಗುತ್ತದೆ, ಮೂರೂ ಆಗುತ್ತದೆ. ಡಾಕ್ಟರು ಎದ್ದು ಹೋಗಿರುವ ಹೊತ್ತು.

ಮೂರು ಇಪ್ಪತ್ತಕ್ಕೆ ಸಾಹೇಬರು ಕೈ ಒರೆಸಿಕೊಳ್ಳುತ್ತಾ ಬಂದು ಸಹಿ ಹಾಕುತ್ತಾರೆ. ಪೆಟ್ಟಿಗೆ ಬಿಚ್ಚಿದ ಕೂಡಲೇ ಅಕ್ಕ ಬಾಟಲಿಗಳ ತಳವನ್ನು ಬೆರಳ ತುದಿಯಿಂದ ಸವರುತ್ತಾ ಹೋಗಿ, ಏಳನೆಯದರಲ್ಲಿ ನಿಲ್ಲುತ್ತಾರೆ. ಅಕ್ಕಿಕಾಳಿನಷ್ಟು ಚೂರು ಉಗುರಿನ ಮೇಲೆ ಬರುತ್ತದೆ. ಅದರ ಮೇಲಿನ ಎರಡು ಅಂಕಿಗಳನ್ನು ಗುಮಾಸ್ತರೇ ಓದಬೇಕಾಗುತ್ತದೆ.

"ಶಭಾಷ್ ಅಕ್ಕ, ಸರ್ಕಾರದ ದುಡ್ಡು ಉಳೀತು," ಎನ್ನುತ್ತಾರೆ ಸಾಹೇಬರು.

ಅಕ್ಕ ಚೂರನ್ನು ಬಿಳಿ ಹಾಳೆಯ ಮೇಲೆ ಕೂರಿಸಿ, ಹೆಬ್ಬೆರಳಿನಿಂದ ಒತ್ತಿ ಕೊಡುತ್ತಾರೆ.

"ಉಳೀತು ಸಾರ್. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈ ತಪ್ಪಿ ಒಂದು ಚೂರೂ ಹೋಗಿಲ್ಲ. ಮುಂದಿನ ಗುರುವಾರ ಈ ಯಂತ್ರ ಎಷ್ಟೇ ತಿನ್ಲಿ, ನನಗೆ ಎರಡಕ್ಕೆ ಬಾಗಿಲು ತೆಗೆದುಬಿಡಿ. ಅವತ್ತೊಂದು ದಿನ ಚೂರನ್ನ ನಿಮ್ಮ ಕಣ್ಣಲ್ಲೇ ಹುಡ್ಕಿ. ನನ್ನ ಕಣ್ಣು ನನಗೆ ಬೇಕು."